ಇಂದಿನ ಧಮ್ಮ ಚಿಂತನೆ: ಹಿಮದ ಹಾದಿ ಮತ್ತು ಅನುರಕ್ಖಣ



ಬೀದರ್, ಭಾಲ್ಕಿ, ಔರಾದ್‌ನ ಧಮ್ಮಬಂಧುಗಳೇ,

ನಮ್ಮ ಎರೆಹೊಲದ ದಾರಿಗೆ ಬೇಸಿಗೆಯಲ್ಲಿ ಮುರುಮ್ ಹಾಕುತ್ತೇವೆ. ಮಳೆ ಹಿಡಿದರೆ ಮತ್ತೆ ಕೆಸರು. ಇನ್ನು ಮುರುಮ್, ಕಲ್ಲು, ಡಾಂಬರು ಯಾವುದೂ ಇಲ್ಲದ ಕಡೆ ರಸ್ತೆ ಹೇಗೆ ಮಾಡುತ್ತಾರೆ?

ಅಂಟಾರ್ಕ್ಟಿಕಾದಲ್ಲಿ ಹಿಮದಿಂದಲೇ ಮಾಡುತ್ತಾರೆ. ಸಡಿಲ ಹಿಮವನ್ನು ಸಮ ಮಾಡಿ, ಯಂತ್ರದಿಂದ ಒತ್ತಿ, ಕೆಲಕಾಲ ಮುಟ್ಟದೆ ಬಿಡುತ್ತಾರೆ. ಆಗ ಕಣ ಕಣ ಬೆಸೆದು ಗಟ್ಟಿಯಾಗುತ್ತದೆ. ಅಮೆರಿಕದ ಮೆಕ್‌ಮರ್ಡೊ ನಿಲ್ದಾಣದಿಂದ ದಕ್ಷಿಣ ಧ್ರುವದವರೆಗೆ ಸುಮಾರು 1,600 ಕಿ.ಮೀ. ಹಿಮದ ಹಾದಿ ಇದೆ. 2002ರಲ್ಲಿ ಕೆಲಸ ಹಿಡಿದ ತಂಡ ಧ್ರುವ ಮುಟ್ಟಿದ್ದು 2005ರ ಕೊನೆಗೆ. ಹಿಮದಡಿ ಅಡಗಿದ ಆಳವಾದ ಬಿರುಕುಗಳನ್ನು ರೇಡಾರ್‌ನಿಂದ ಹುಡುಕಿ, ಬಾಯಿ ತೆರೆದು, ಹಿಮವನ್ನೇ ತುಂಬಿದರು.

ಆದರೂ ಕೆಲಸ ಮುಗಿಯಲಿಲ್ಲ. ಕೆಳಗಿನ ಮಂಜುಗಡ್ಡೆ ಸದಾ ಚಲಿಸುತ್ತದೆ. ಎಲ್ಲವೂ ಅನಿತ್ಯ. ಹೊಸ ಬಿರುಕು ಬಿಟ್ಟಿದೆಯೇ ಎಂದು ಮತ್ತೆ ಮತ್ತೆ ನೋಡಬೇಕು. ವಾಹನಗಳು ತಂದ ಧೂಳು ಬಿದ್ದರೂ ಅದು ಬಿಸಿಲು ಹೀರಿ ಹಿಮ ಕರಗಿಸುತ್ತದೆ.

ಭಗವಾನ್ ಬುದ್ಧರು ಸಮ್ಮಾ ವಾಯಾಮದಲ್ಲಿ ನಾಲ್ಕು ಪ್ರಯತ್ನಗಳನ್ನು ಹೇಳಿದರು:

🔹 ಸಂವರ – ಹುಟ್ಟದ ಕೆಡುಕನ್ನು ತಡೆಯುವುದು. ಧೂಳು ಬೀಳದಂತೆ ನೋಡಿಕೊಂಡ ಹಾಗೆ.
🔹 ಪಹಾನ – ಹುಟ್ಟಿದ ಕೆಡುಕನ್ನು ಬಿಡುವುದು. ಬಿರುಕು ತುಂಬಿದ ಹಾಗೆ.
🔹 ಭಾವನಾ – ಒಳಿತನ್ನು ಬೆಳೆಸುವುದು. ಹಿಮ ಒತ್ತಿ ಹಾದಿ ಮಾಡಿದ ಹಾಗೆ.
🔹 ಅನುರಕ್ಖಣ – ಬೆಳೆದ ಒಳಿತನ್ನು ಕಾಯುವುದು. ಹಾದಿಯನ್ನು ದಿನವೂ ನೋಡಿಕೊಂಡ ಹಾಗೆ.

ನನಗನಿಸುವಂತೆ ನಾವು ಸೋಲುತ್ತಿರುವುದು ಈ ನಾಲ್ಕನೆಯದರಲ್ಲಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮದೀಕ್ಷೆ ಮತ್ತು 22 ಪ್ರತಿಜ್ಞೆಗಳನ್ನು ಕೊಟ್ಟು ಹಾದಿ ಮಾಡಿದರು. ಎರಡು ತಿಂಗಳೊಳಗೆ, ಡಿಸೆಂಬರ್ 6ರಂದು, ಅವರ ಪರಿನಿಬ್ಬಾಣವಾಯಿತು. ಕಾಯುವ ಕೆಲಸ ನಮಗೆ ಉಳಿಯಿತು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊ ಇದೆ. ಮಗಳ ಮದುವೆ ಬಂದರೆ ಗುಟ್ಟಾಗಿ ಮುಹೂರ್ತ ಕೇಳಿಸುತ್ತೇವೆ. ಜಯಂತಿಯ ಮೆರವಣಿಗೆಯಲ್ಲಿ ಕುಡಿದು ಕುಣಿಯುವ ತಮ್ಮನನ್ನು ಕಂಡೂ ಸುಮ್ಮನಿರುತ್ತೇವೆ. ಇವು ಸಣ್ಣ ಧೂಳು ಎಂದುಕೊಂಡಿದ್ದೇವೆ. ಅಜ್ಜ ಅವಮಾನ ದಾಟಿ ಬಂದ ಹಾದಿ ಮೊಮ್ಮಗನ ಕಾಲಡಿ ಕರಗುವುದು ಹೀಗೆಯೇ.

ಹಿಮದ ಹಾದಿಗೆ ಹಿಮವೇ ಸಾಮಗ್ರಿ. ನಮ್ಮ ಶೀಲಕ್ಕೆ ನಮ್ಮ ಮನಸ್ಸೇ ಸಾಮಗ್ರಿ. ಹೊರಗಿನಿಂದ ಏನೂ ತರಬೇಕಿಲ್ಲ.

ಇಂದಿನ ಅಭ್ಯಾಸ: ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು ತಿಸರಣ, ಪಂಚಶೀಲ ಹೇಳಿ. 22 ಪ್ರತಿಜ್ಞೆಗಳಲ್ಲಿ ಒಂದನ್ನು ಓದಿ. ನಮ್ಮ ಮನೆಯಲ್ಲಿ ಅದು ಎಲ್ಲಿ ಬಿರುಕು ಬಿಟ್ಟಿದೆ ಎಂದು ಮಕ್ಕಳೆದುರೇ ಮಾತಾಡಿ. ಆಮೇಲೆ ಹತ್ತು ನಿಮಿಷ ಮೌನವಾಗಿರಿ. ಒತ್ತಿದ ಹಿಮಕ್ಕೂ ಗಟ್ಟಿಯಾಗಲು ಬಿಡುವು ಬೇಕು.

ಭವತು ಸಬ್ಬ ಮಂಗಲಂ 🙏