ಮುಂದೇನಾಯಿತು?

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಎನ್. ನರಸಿಂಹಯ್ಯನವರ ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಓದುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರು, "ಇದನ್ನೆಲ್ಲ ಓದ್ತೀರೇನ್ರೀ? ಒಂದು ಓದಿದ್ರ ನೂರು ಓದಿದಂಗ!" ಎಂದರು. ಹಿಂದಿನ ಸೀಟಿನವರು ಸುಮ್ಮನಿರಲಿಲ್ಲ: "ನಮಗ ಓದೋ ಚಟ ಹಚ್ಚಿದಾತನ ಪತ್ತೇದಾರ ಪುರುಷೋತ್ತಮ ರೀ."

ಇಬ್ಬರ ಮಾತೂ ನಿಜವೇ. ನಾಲ್ಕನೆಯ ತರಗತಿಯವರೆಗೆ ಮಾತ್ರ ಕಲಿತ ನರಸಿಂಹಯ್ಯನವರು 2011ರಲ್ಲಿ ತೀರಿಕೊಳ್ಳುವ ಮುನ್ನ ಬರೆದ ಕಾದಂಬರಿಗಳು ಐನೂರಕ್ಕೂ ಮಿಕ್ಕಿ. ಅಷ್ಟರಲ್ಲಿ ಹಳೆಯ ಜಾಡು ಮರುಕಳಿಸುವುದು ಸಹಜ. ಆದರೆ 'ಮುಂದೇನಾಯಿತು?' ಎಂಬ ಕುತೂಹಲಕ್ಕಾಗಿಯೇ ಓದುವವನು ಕೀಳು ಓದುಗನೆ?

ಬಸ್ಸು ಮಸ್ಕಿಯಲ್ಲಿ ನಿಂತಿತು. ಶಾಸನಗಳ 'ದೇವಾನಾಂಪ್ರಿಯ' ಯಾರೆಂದು ವಿದ್ವಾಂಸರು ಊಹಿಸಿದ್ದರು. ಚಿನ್ನದ ಶೋಧದಲ್ಲಿದ್ದ ಎಂಜಿನಿಯರ್ ಬೀಡನ್ 1915ರಲ್ಲಿ ಕಂಡ ಇಲ್ಲಿನ ಬಂಡೆ ಅಶೋಕನ ಹೆಸರನ್ನೇ ಹೇಳಿ ಆ ಊಹೆಗೆ ಸಾಕ್ಷಿಯಾಯಿತು. ಇದೂ ಒಂದು ಪತ್ತೇದಾರಿಯೇ. ಆದರೆ ಕಾದಂಬರಿಯಲ್ಲಿ ಹೆಸರು ಸಿಕ್ಕೊಡನೆ ಪುಸ್ತಕ ಮುಚ್ಚುತ್ತೇವೆ. ಇಲ್ಲಿ ಹೆಸರು ಸಿಕ್ಕ ಮೇಲೆ ಆತ ಹೇಳಿದ್ದೇನೆಂದು ಕೇಳಬೇಕು. ಧರ್ಮದಲ್ಲಿ ತೊಡಗಿದ ಸಾಮಾನ್ಯನೂ ಮೇಲೇರಬಲ್ಲ, ದೊಡ್ಡವರಿಗಷ್ಟೇ ಅದು ಸಾಧ್ಯವೆಂದು ತಿಳಿಯಬಾರದು ಎಂಬುದು ಆ ಬಂಡೆಯ ಮಾತು.

ಓದಿಗೂ ಅದು ಸಲ್ಲುತ್ತದೆ. ಸಣ್ಣ ಬಾಗಿಲಿನಿಂದ ಒಳಬಂದವನನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಹೊಸ್ತಿಲಲ್ಲೇ ಕುಳಿತುಬಿಟ್ಟರೆ ಮಾತ್ರ ನಷ್ಟ ಅವನದೇ.

ಲಿಂಗಸುಗೂರಿನಲ್ಲಿ ಇಳಿಯುವಾಗ ಆ ಹಿರಿಯರು ಮೆಲ್ಲಗೆ ಕೇಳಿದರು: "ಅಂದಂಗ, ಕೊನೀಗೆ ಕೊಲೆಗಾರ ಯಾರು ರೀ?"