ಕೇಳಿದ ಬೆಲೆ

ನಲವತ್ತಾರನೆಯ ವಯಸ್ಸಿನಲ್ಲಿ ಗೃಹಸ್ಥರಾದವರು ಸೈಟು ಕೊಳ್ಳುತ್ತಾರೆ, ಮಗಳ ಮದುವೆಗೆಂದು ಚಿನ್ನ ಕೊಳ್ಳುತ್ತಾರೆ, ಇಲ್ಲವೇ ರಕ್ತದೊತ್ತಡದ ಮಾತ್ರೆ ಕೊಳ್ಳುತ್ತಾರೆ. ನಾನು ಒಂದು ಹಳೆಯ ಮೋಟಾರ್ ಸೈಕಲ್ ಕೊಂಡೆ. ಅದೂ ಶಾಲೆಗೆ ಹೋಗಿಬರಲು ಆಗುವಂಥ ಸಾಧು ಪ್ರಾಣಿಯಲ್ಲ, ರಾಜದೂತ್ 350. ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಹಾದವರ ನೆರವಿನಿಂದ 1983ರಲ್ಲಿ ಮಾರುಕಟ್ಟೆಗೆ ಬಿಟ್ಟ ಗಾಡಿ. ಎರಡು ಸಿಲಿಂಡರು, ಆರು ಗೇರು, 347 ಸಿ.ಸಿ. ಅಂದಿನ ನಮ್ಮ ರಸ್ತೆಗಳಿಗೆ ಅದರ ವೇಗ ಹೆಚ್ಚು. ನಮ್ಮ ಜೇಬಿಗೆ ಅದರ ಪೆಟ್ರೋಲ್ ದಾಹ ಇನ್ನೂ ಹೆಚ್ಚು. ಆ ದಶಕ ಮುಗಿಯುವ ಹೊತ್ತಿಗೆ ಅದರ ಆಯುಸ್ಸೂ ಮುಗಿಯುತ್ತ ಬಂತು.

ನಾನು ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದಾಗ ಅಡಿಕೆ ಮಂಡಿಯವರೊಬ್ಬರ ಮಗ ಅದರಲ್ಲಿ ಕಾಲೇಜಿಗೆ ಬರುತ್ತಿದ್ದ. ಗಾಡಿ ತಿರುವು ದಾಟಿ ಕಣ್ಮರೆಯಾದ ಮೇಲೂ ಅದರ ಸದ್ದು ನಮ್ಮ ಬಳಿ ನಿಂತಿರುತ್ತಿತ್ತು. ಬಾಡಿಗೆ ಸೈಕಲ್ಲಿಗೂ ಲೆಕ್ಕ ಹಾಕುತ್ತಿದ್ದ ನನಗೆ ಅದು ಆಸೆ ಪಡುವಂಥ ವಸ್ತುವೂ ಆಗಿರಲಿಲ್ಲ. ಆದರೆ ಪಡದೆ ಬಿಟ್ಟ ಆಸೆ ಎಲ್ಲಿಗೂ ಹೋಗುವುದಿಲ್ಲ, ಒಳಗೇ ಎಲ್ಲೋ ಕಾದು ಕುಳಿತಿರುತ್ತದೆ ಎಂದು ಮೂವತ್ತು ವರ್ಷದ ಮೇಲೆ ತಿಳಿಯಿತು.

2015ರಲ್ಲಿ ನಮ್ಮ ಹಿಂದಿನ ಬೀದಿಯ ಹಿರಿಯ ಹೆಂಗಸೊಬ್ಬರು, ಗಂಡ ತೀರಿಹೋದ ಮೇಲೆ ಹಾಗೆಯೇ ನಿಂತಿರುವ ಬೈಕೊಂದಿದೆ, ಯಾರಿಗಾದರೂ ಬೇಕಿದ್ದರೆ ಹೇಳಿ ಎಂದರು. ಕೊಟ್ಟಿಗೆಗೆ ಹೋಗಿ ಟಾರ್ಪಾಲು ಎತ್ತಿ ನೋಡಿದೆ. ಧೂಳು, ತುಕ್ಕು, ಸೀಟಿನಲ್ಲಿ ಇಲಿ ಮಾಡಿದ ಗೂಡು. ಆದರೆ ಎಲ್ಲವೂ ಮೂಲದ್ದು, ಒಂದು ಬೋಲ್ಟೂ ಬದಲಾಗಿಲ್ಲ. ಇಂಥ ಗಾಡಿಗಳ ಹುಚ್ಚು ಹಿಡಿದವರು ಓಡದ ಸ್ಥಿತಿಯಲ್ಲೂ ಇದಕ್ಕೆ 70,000 ರೂಪಾಯಿ ಕೊಟ್ಟಾರು ಎಂದು ನನಗೆ ಆ ಕ್ಷಣವೇ ಗೊತ್ತಿತ್ತು.

"ಗುಜರಿಯವನು ಐದು ಸಾವಿರ ಅಂದ. ಹನ್ನೆರಡು ಅಂದರೆ ಹೆಚ್ಚಾಗತ್ತಾ ಮೇಷ್ಟ್ರೇ?" ಎಂದರು.

"ಹೆಚ್ಚೇನಿಲ್ಲಮ್ಮ" ಎಂದೆ.

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನಾನಂತೂ ಬಹಳ ದಿನ ಅದನ್ನೇ ಗಮನಿಸುತ್ತಿದ್ದೆ.

ಕಾಗದಪತ್ರದ ಕೆಲಸ ಸುಲಭದ್ದಾಗಿರಲಿಲ್ಲ. ಹದಿನೈದು ವರ್ಷದ ನೋಂದಣಿ ಎಂದೋ ಮುಗಿದಿತ್ತು. ಆರ್.ಸಿ. ಮೊದಲು ಅವರ ಹೆಸರಿಗೆ, ಆಮೇಲೆ ನನ್ನ ಹೆಸರಿಗೆ ಆಗಬೇಕು. ಮೂರು ಸಲ ಅವರನ್ನು ಆಟೋದಲ್ಲಿ ಆರ್.ಟಿ.ಓ. ಕಚೇರಿಗೆ ಕರೆದುಕೊಂಡು ಹೋದೆ. ಪ್ರತಿ ಸಲವೂ ಮನೆಗೆ ಮರಳಿದ ಮೇಲೆ ಕಾಫಿ ಕೊಟ್ಟು, ಗಂಡ ಭಾನುವಾರದ ಬೆಳಿಗ್ಗೆಯೆಲ್ಲ ಆ ಗಾಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದುದನ್ನು ಹೇಳುತ್ತಿದ್ದರು. ನಿಜ ಹೇಳಲು ನನಗೆ ಮೂರು ಲೋಟ ಕಾಫಿಯಷ್ಟು ಸಮಯ ಸಿಕ್ಕಿತ್ತು.

ಗಾಡಿ ಮೇಸ್ತ್ರಿಯ ಶೆಡ್ಡಿಗೆ ಹೋಯಿತು. ಇವರು ವಯಸ್ಸಾದವರು, ಮಾತು ಕಡಿಮೆ. ಎಂಜಿನ್ ಬಿಚ್ಚಿ ಕ್ರ್ಯಾಂಕಿನ ಎರಡು ತುದಿಯ ಸೀಲುಗಳನ್ನು ನನ್ನ ಅಂಗೈಯಲ್ಲಿಟ್ಟರು. ರಬ್ಬರು ಗಟ್ಟಿಯಾಗಿ ಹಪ್ಪಳದಂತಾಗಿತ್ತು. ಓಡಿ ಸವೆದದ್ದಲ್ಲ, ನಿಂತು ಹಾಳಾದದ್ದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು, ಎಣ್ಣೆ, ಗಾಳಿ ಮೂರೂ ಬೆರೆತು ಮೊದಲು ಕ್ರ್ಯಾಂಕಿನ ಕೋಣೆಗೆ ಬರುತ್ತವೆ. ಆ ಕೋಣೆ ಬಿಗಿಯಾಗಿರಬೇಕು.

"ಬಲಗಡೆ ಸೀಲು ಹೋದ್ರೆ ಗೇರ್ ಆಯಿಲ್ ಎಳ್ಕೊಂಡು ಹೊಗೆ ಬಿಡತ್ತೆ ಸಾರ್, ಊರಿಗೆಲ್ಲ ಗೊತ್ತಾಗತ್ತೆ. ಎಡಗಡೇದು ಹೋದ್ರೆ ಬರೀ ಗಾಳಿ ಎಳ್ಕೊಳತ್ತೆ. ಹೊಗೆ ಇಲ್ಲ, ಸೋರೋದಿಲ್ಲ. ಗಾಡಿ ಮುಂಚೆಗಿಂತ ಚುರುಕಾಗಿದೆ ಅನ್ಸತ್ತೆ. ಒಂದಿನ ಓಡೋವಾಗ್ಲೇ ಬಿಸಿಗೆ ಪಿಸ್ಟನ್ ಹಿಡ್ಕೊಂಡು ಹಿಂದಿನ ಚಕ್ರ ನಿಂತ್‌ಬಿಡತ್ತೆ" ಎಂದರು.

ಸೀಲು, ಬೇರಿಂಗು, ಓವರ್‌ಸೈಜ್ ಪಿಸ್ಟನ್ನು, ರಿಂಗು, ಕಾರ್ಬುರೇಟರಿನ ಕಿಟ್ಟು ಎಲ್ಲ ಸೇರಿ 55,000 ರೂಪಾಯಿ ಆಯಿತು. ಈ ಲೆಕ್ಕವನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬಲು ಶ್ರದ್ಧೆಯಿಂದ ಬರೆಯುತ್ತಿದ್ದೆ. ಹೆಂಡತಿ ಕೇಳಿದಾಗ ತೋರಿಸಲೆಂದಲ್ಲ, ನನಗೇ ತೋರಿಸಿಕೊಳ್ಳಲು. ನೋಡು, ಹನ್ನೆರಡಕ್ಕೆ ಸಿಕ್ಕಿದ್ದಲ್ಲ, ಅರವತ್ತೇಳು ಸಾವಿರ ಆಯಿತು ಎಂದು. ಕದ್ದ ಹಸುವಿಗೆ ಹಿಂಡಿ ಹಾಕಿದವನೂ ಹೀಗೆಯೇ ಲೆಕ್ಕ ಬರೆದಿರಬೇಕು.

ಕದ್ದದ್ದು ಎನ್ನುವುದು ಅತಿಯಾಯಿತೇ? ಕಾನೂನು ನನ್ನ ಕಡೆಗಿತ್ತು. 1872ರ ನಮ್ಮ ಕರಾರು ಕಾಯಿದೆಯ ಹದಿನೇಳನೆಯ ಕಲಮಿನ ಪ್ರಕಾರ, ಹೇಳಲೇಬೇಕಾದ ಕರ್ತವ್ಯ ಇಲ್ಲದಿದ್ದಾಗ ಬರೀ ಮೌನ ವಂಚನೆಯಾಗದು. ಪ್ರಶ್ನೆಯಂತೂ ಹಳೆಯದು. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಮಗನನ್ನು ಉದ್ದೇಶಿಸಿ ಕರ್ತವ್ಯಗಳ ಬಗ್ಗೆ ಒಂದು ಗ್ರಂಥ ಬರೆದ. ಅದರ ಮೂರನೆಯ ಭಾಗದಲ್ಲಿ ಅಲೆಕ್ಸಾಂಡ್ರಿಯಾದಿಂದ ರೋಡ್ಸ್ ದ್ವೀಪಕ್ಕೆ ಬರಗಾಲದಲ್ಲಿ ಧಾನ್ಯ ತಂದ ವ್ಯಾಪಾರಿಯೊಬ್ಬನಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆ ಎಂದು ಅವನಿಗೆ ಮಾತ್ರ ಗೊತ್ತು. ಊರವರಿಗೆ ಹೇಳಬೇಕೆ, ಬೇಡವೆ? ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ಡಯೋಜಿನಿಸ್ ಎಂಬ ತತ್ತ್ವಜ್ಞಾನಿಯ ವಾದ. ಹೇಳಲೇಬೇಕು ಎಂದು ಅವನ ಶಿಷ್ಯ ಆಂಟಿಪೇಟರನದು. ಸಿಸೆರೊ ಶಿಷ್ಯನ ಕಡೆಗೇ ವಾಲುತ್ತಾನೆ. ಕೆಲವು ಪುಟ ಕಳೆದ ಮೇಲೆ ನನ್ನದೇ ಕತೆ ಬಂತು. ಒಬ್ಬ ಚಿನ್ನವನ್ನು ಹಿತ್ತಾಳೆಯೆಂದು ತಿಳಿದು ಮಾರುತ್ತಿದ್ದಾನೆ. ಸಜ್ಜನನಾದವನು ಅವನಿಗೆ ತಿಳಿಸಬೇಕೇ, ಸಾವಿರ ನಾಣ್ಯದ್ದನ್ನು ಒಂದು ನಾಣ್ಯಕ್ಕೆ ಕೊಂಡು ಸುಮ್ಮನಾಗಬೇಕೇ? ಪುಸ್ತಕ ಮುಚ್ಚಿಟ್ಟೆ.

ಮಹಾಭಾರತದ ಶಾಂತಿಪರ್ವದಲ್ಲಿ ತುಲಾಧಾರನೆಂಬ ವ್ಯಾಪಾರಿ ಜಾಜಲಿ ಎಂಬ ತಪಸ್ವಿಗೆ ಧರ್ಮ ಬೋಧಿಸುತ್ತಾನೆ. ತನ್ನ ತಕ್ಕಡಿ ಎಲ್ಲರಿಗೂ ಸಮ ಎನ್ನುತ್ತಾನೆ. ಕೇಳಿದಷ್ಟು ಕೊಟ್ಟೆ ಎನ್ನುವ ನನ್ನ ತಕ್ಕಡಿಯೂ ಸಮವಾಗಿಯೇ ನಿಂತಿತ್ತು. ಅದರಲ್ಲಿ ತೂಗುತ್ತಿರುವುದು ಏನೆಂಬುದು ಮಾತ್ರ ಇಬ್ಬರಲ್ಲಿ ಒಬ್ಬನಿಗಷ್ಟೇ ಗೊತ್ತಿತ್ತು.

ಗಾಡಿ ಸೊಗಸಾಗಿ ಓಡುತ್ತಿತ್ತು. ಮುಂಜಾನೆ ತುಂಗೆಯ ದಡದ ರಸ್ತೆಯಲ್ಲಿ ಮಂಡಗದ್ದೆಯವರೆಗೆ ಹೋಗಿಬಂದರೆ ಹತ್ತು ವರ್ಷ ಇಳಿದಂತಾಗುತ್ತಿತ್ತು. ಆದರೂ ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರುತ್ತಿದ್ದವು. ಪಿಸ್ಟನ್ ಹಿಡಿದರೆ ಒಡನೆಯೇ ಕ್ಲಚ್ಚು ಒತ್ತಬೇಕಲ್ಲ! ಹೊಗೆಯಿಲ್ಲದೆ ಸೋರುವ ಸೀಲಿನ ಮಾತು ಮರೆಯುವಂತಿರಲಿಲ್ಲ.

ಎರಡು ವರ್ಷದ ಮೇಲೆ, 2017ರಲ್ಲಿ, ಒಂದು ಚೀಟಿ ಎತ್ತಿ 50,000 ರೂಪಾಯಿ ತೆಗೆದುಕೊಂಡು ಅವರ ಮನೆಗೆ ಹೋದೆ. ಗಾಡಿಯ ಬೆಲೆ ಹೆಚ್ಚಿನದು, ಇದು ನಿಮಗೆ ಸೇರಬೇಕಾದದ್ದು ಎಂದೆ. ಅವರು ಬೇಡ ಎನ್ನುತ್ತಾರೆ, ನಾನು ಒತ್ತಾಯ ಮಾಡುತ್ತೇನೆ, ಕೊನೆಗೆ ಇಬ್ಬರ ಕಣ್ಣೂ ಒದ್ದೆಯಾಗುತ್ತವೆ ಎಂದು ದಾರಿಯುದ್ದಕ್ಕೂ ಕಲ್ಪಿಸಿಕೊಂಡು ಹೋಗಿದ್ದೆ. ಅವರು ಹಣ ಎಣಿಸಿ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಕೇಳಿದರು:

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತಮ್ಮ."

ಅವರು ಒಳಗೆ ಹೋಗಿ ಕಾಫಿ ತಂದರು. ಆ ದಿನ ಗಂಡನ ಮಾತು ಬರಲಿಲ್ಲ.

ಸಾಲ ತೀರಿತು, ನಿಜ. ಆದರೆ ಆವರೆಗೆ ಅವರ ಲೆಕ್ಕದಲ್ಲಿ ನಾನು ಗುಜರಿಯವನಿಗಿಂತ ಏಳು ಸಾವಿರ ಹೆಚ್ಚು ಕೊಟ್ಟ, ಆಟೋ ತಂದು ಕೈಹಿಡಿದು ಕರೆದೊಯ್ದ ಒಳ್ಳೆಯ ಮನುಷ್ಯ. ಆ ಮೂರು ಲೋಟ ಕಾಫಿಯೂ ಆ ಮನುಷ್ಯನಿಗೆ ಕೊಟ್ಟದ್ದು. ಹಣದ ಜೊತೆಗೆ ಅವನನ್ನೂ ಅವರಿಂದ ಕಸಿದುಕೊಂಡೆ. ಹೇಳದೆ ಇದ್ದಿದ್ದರೆ ಅವರಿಗೆ ನೆಮ್ಮದಿ, ಹೇಳಿದ್ದರಿಂದ ನನಗೆ ನೆಮ್ಮದಿ ಎಂದು ಕೆಲವು ಗೆಳೆಯರು ಆಕ್ಷೇಪಿಸಿದ್ದಾರೆ. ಇರಬಹುದು. ನನಗೆ ತೋರುವುದಿಷ್ಟೆ: ಸತ್ಯಕ್ಕೂ ಒಂದು ಬೆಲೆಯಿದೆ, ಅದು ದಿನದಿನಕ್ಕೆ ಏರುತ್ತದೆ. ಕೊಟ್ಟಿಗೆಯಲ್ಲಿ ನಿಂತ ಆ ಹೊತ್ತಿನಲ್ಲಿ ಅದು ಬರೀ ಹಣದಲ್ಲಿ ತೀರುತ್ತಿತ್ತು.

ಗಾಡಿ ಈಗಲೂ ನನ್ನ ಬಳಿಯೇ ಇದೆ. ಭಾನುವಾರದ ಬೆಳಿಗ್ಗೆ ನಾನೂ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತೇನೆ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತೇನೆ. ಆ ಬೀದಿಯಲ್ಲಿ ಹೋಗುವಾಗ ಅವರು ಒಮ್ಮೊಮ್ಮೆ ಜಗುಲಿಗೆ ಬಂದು ನಿಲ್ಲುತ್ತಾರೆ. ನನ್ನನ್ನು ನೋಡಲೆಂದಲ್ಲ, ಆ ಸದ್ದು ಕೇಳಲು. ಅದು ಅವರದ್ದೇ. ಹಾಗಾಗಿ ಅಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.