ನಿರ್ದೋಷ ಜ್ಞಾನವೂ ಶುಶ್ರೂಷೆಯ ವಿವೇಚನೆಯೂ

ಮಾಧ್ವ ಮನೆತನಗಳೂ ಮಠಗಳೂ ಬಹುಕಾಲದಿಂದ ನೆಲೆಯೂರಿರುವ ಧಾರವಾಡದ ಮಾಳಮಡ್ಡಿಗೆ, ತಿಳಿದದ್ದು ನಿಜವೆಂದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಹೊಸದಲ್ಲ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಂಥ ಕಡೆ ಶುಶ್ರೂಷೆ ಕಲಿಯುವವರಿಗೆ ಅದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಅಮೆರಿಕದಲ್ಲಿ ಪ್ರಾಯೋಗಿಕ ನರ್ಸ್‌ಗಳ ಪರವಾನಗಿಗೆ ನಡೆಯುವ ಎನ್‌ಸಿಎಲ್‌ಇಎಕ್ಸ್-ಪಿಎನ್ ಪರೀಕ್ಷೆಯು 2023ರ ಏಪ್ರಿಲ್‌ನಿಂದ ವಿವೇಚನೆಗೆ, ಅಂದರೆ ರೋಗಿಯಲ್ಲಿ ಕಾಣುವ ಸೂಚನೆಗಳನ್ನು ಗುರುತಿಸಿ, ವಿಶ್ಲೇಷಿಸಿ, ಯಾವ ಊಹೆಗೆ ಮೊದಲ ಗಮನ ಬೇಕೆಂದು ನಿರ್ಧರಿಸಿ, ಪರಿಹಾರ ಯೋಚಿಸಿ, ಕ್ರಮ ಕೈಗೊಂಡು, ಫಲವನ್ನು ಪರಿಶೀಲಿಸುವ ಆರು ಹಂತಗಳ ಚಿಂತನೆಗೆ ಹೆಚ್ಚಿನ ಒತ್ತು ಕೊಟ್ಟಿದೆ. ಈ ವಿವೇಚನೆಯು ಜ್ಞಾನದ ಮೇಲೆ ಕೂಡಿಸಿದ ಬೇರೊಂದು ಕೌಶಲವೋ, ಜ್ಞಾನವೇ ಪೂರ್ಣಗೊಂಡ ಸ್ಥಿತಿಯೋ ಎಂಬುದನ್ನು ವಿಚಾರಿಸಬೇಕಾಗಿದೆ.

ದ್ವೈತ ವೇದಾಂತದ ಒಲವು ಎರಡನೆಯ ಉತ್ತರದ ಕಡೆಗಿದೆ. ಮಧ್ವಾಚಾರ್ಯರ ‘ಪ್ರಮಾಣಲಕ್ಷಣ’ವೂ ಜಯತೀರ್ಥರ ‘ಪ್ರಮಾಣಪದ್ಧತಿ’ಯೂ ಜ್ಞಾನಸಾಧನಗಳನ್ನು ಪ್ರತ್ಯಕ್ಷ, ಅನುಮಾನ ಎಂದರೆ ತರ್ಕ, ಆಗಮ ಎಂದರೆ ನಂಬಲರ್ಹ ಮಾತು ಎಂದು ಮೂರಾಗಿ ಎಣಿಸಿ, ನಿರ್ದೋಷತೆಯನ್ನು ಮೂರರ ಲಕ್ಷಣದೊಳಗೇ ಸೇರಿಸುತ್ತವೆ, ಇಂದ್ರಿಯದಲ್ಲೋ ವಿಷಯದಲ್ಲೋ ದೋಷವಿದ್ದರೆ ಕಣ್ಣಾರೆ ಕಂಡದ್ದೂ ಪ್ರಮಾಣವೆನಿಸದು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ 82 ತೋರಿಸುವಾಗ ರೋಗಿ ಉಬ್ಬಸವಿಲ್ಲದೆ ಮಾತಾಡುತ್ತಿದ್ದು, ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಗಾಢ ಬಣ್ಣವಿದ್ದರೆ, ಬಲ್ಲ ನರ್ಸ್ ಆ ಅಂಕಿಯನ್ನು ಹಾಗೆಯೇ ಒಪ್ಪುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ: ಕೈ ಬೆಚ್ಚಗಾಗಿಸಿ ಬೇರೆ ಬೆರಳಿಗೆ ಸಿಕ್ಕಿಸುತ್ತಾರೆ, ಉಪಕರಣ ತೋರಿಸುವ ನಾಡಿಬಡಿತ ಮಣಿಕಟ್ಟಿನ ನಾಡಿಗೆ ಹೊಂದುತ್ತದೆಯೇ ನೋಡುತ್ತಾರೆ, ಒಂದು ನಿಮಿಷ ಉಸಿರು ಎಣಿಸುತ್ತಾರೆ. ತುಟಿ ನೀಲಿಗಟ್ಟಿ ಮಂಪರಿನಲ್ಲಿರುವವರ ಬೆರಳಲ್ಲಿ ಅದೇ 82 ಕಂಡರೆ, ಇಷ್ಟೆಲ್ಲ ಪರಿಶೀಲಿಸುತ್ತ ನಿಲ್ಲುವುದೇ ಅಪಾಯಕರ. ದ್ವೈತಮತದಲ್ಲಿ ಜ್ಞಾನದ ಸತ್ಯತೆಯನ್ನು ಗ್ರಹಿಸುವುದು ಸಾಕ್ಷಿ, ಅಂದರೆ ಜೀವಸ್ವರೂಪವೇ ಆದ ಇಂದ್ರಿಯ. ಸಂಶಯ ಅಡ್ಡಬಂದಾಗ ಪರೀಕ್ಷೆಯು ಆ ಅಡ್ಡಿಯನ್ನು ನಿವಾರಿಸುತ್ತದೆ, ಸಂಶಯಕ್ಕೆ ಕಾರಣವಿಲ್ಲದ ಕಡೆ ಪರೀಕ್ಷೆಯ ಅಗತ್ಯವೂ ಇಲ್ಲ.

ನೋವಿನ ವಿಷಯದಲ್ಲಿ ಈ ಮತ ಇನ್ನೂ ಆಳಕ್ಕಿಳಿಯುತ್ತದೆ. ಸುಖದುಃಖಗಳು ಅನುಭವಿಸುವವರ ಸಾಕ್ಷಿಗೆ ಮಾತ್ರ ನೇರ ಗೋಚರವಾಗಿದ್ದು, ಸಾಕ್ಷಿ ಅಲ್ಲಿ ತಪ್ಪುವುದಿಲ್ಲವಾದ್ದರಿಂದ, ಮಂಚದ ಪಕ್ಕದಲ್ಲಿ ನಿಂತವರಿಗೆ ಆ ನೋವು ಮುಖಭಾವದಿಂದ ಅನುಮಾನವಾಗಿಯೋ ರೋಗಿಯ ಮಾತಿನಿಂದ ಆಗಮವಾಗಿಯೋ ಮಾತ್ರ ದೊರಕುತ್ತದೆ. ಅಮೆರಿಕದ ನರ್ಸ್ ಮಾರ್ಗೋ ಮೆಕ್ಯಾಫ್ರಿ 1968ರಲ್ಲಿ, ಅನುಭವಿಸುವವರು ಏನೆಂದು ಹೇಳುತ್ತಾರೋ ಅದೇ ನೋವು ಎಂಬ ನಿಲುವನ್ನು ಮುಂದಿಟ್ಟಾಗ, ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದರು. ಆದರೆ ಧಾರವಾಡದ ಕಡೆಯ ಹಿರಿಯ ಹೆಣ್ಣುಮಗಳು ಶಸ್ತ್ರಚಿಕಿತ್ಸೆಯಾದ ಮರುದಿನ ‘ಏನ್ ಇಲ್ರಿ, ಅಷ್ಟೇನ್ ಇಲ್ರಿ’ ಎನ್ನುವಾಗ ಆ ಮಾತಿನಲ್ಲಿ ಸಂಕೋಚವೆಂಬ ದೋಷವಿರುತ್ತದೆ. ಬಿಗಿಹಿಡಿದ ಸೆರಗು, ಮಗ್ಗುಲು ಬದಲಿಸಲೊಲ್ಲದ ದೇಹ, ಕೆಮ್ಮು ಬಂದರೂ ತಡೆದುಕೊಳ್ಳುವ ರೀತಿ ಇವೆಲ್ಲ ಅನುಮಾನಕ್ಕೆ ಲಿಂಗಗಳು, ಅಂದರೆ ಗುರುತುಗಳು.

ಇವು ಕಾಣುವುದು ಕಾಣಬೇಕೆಂಬ ಕಾಳಜಿಯುಳ್ಳವರಿಗೆ. ಚರಕಸಂಹಿತೆಯು ಪರಿಚಾರಕನನ್ನು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದಾಗಿ ಎಣಿಸಿ, ಉಪಚಾರದ ಅರಿವು, ದಕ್ಷತೆ, ಶುಚಿತ್ವಗಳ ಸಾಲಿನಲ್ಲೇ ರೋಗಿಯ ಮೇಲಿನ ಅನುರಾಗವನ್ನೂ ಅವನ ಗುಣವಾಗಿ ಹೇಳಿದ್ದು ಬರಿಯ ನೀತಿಬೋಧೆಯಲ್ಲ, ಜ್ಞಾನದ ಕುರಿತ ಮಾತೂ ಹೌದು. ಉದಾಸೀನವು ಮನಸ್ಸಿನ ದೋಷವಾದ್ದರಿಂದ ಅದು ಪ್ರತ್ಯಕ್ಷವನ್ನೇ ಕೆಡಿಸುತ್ತದೆ. ಆದರೆ ಎನ್‌ಸಿಎಲ್‌ಇಎಕ್ಸ್-ಪಿಎನ್‌ನಂಥ ಪರೀಕ್ಷೆಯಲ್ಲಿ ಕಂಪ್ಯೂಟರ್ ಪರದೆಯ ಮೇಲಿನ ಪ್ರಶ್ನೆಯಲ್ಲಿ ಸೂಚನೆಗಳು ಆಗಲೇ ಯಾರೋ ಕಂಡು ಬರೆದಿಟ್ಟ ವಾಕ್ಯಗಳಾಗಿ ಬರುವುದರಿಂದ, ಅಭ್ಯರ್ಥಿ ಅಲ್ಲಿ ತೋರಿಸಬಲ್ಲದ್ದು ಆಗಮವನ್ನು ಆಧರಿಸಿದ ಅನುಮಾನದ ಶಕ್ತಿಯನ್ನು. ಸೆರಗಿನ ಬಿಗಿಯನ್ನು ತಾನಾಗಿ ಗಮನಿಸುವ ಅಭ್ಯಾಸಕ್ಕೆ ವಾರ್ಡಿನ ಪಾಳಿಗಳೇ ಬೇಕು.